ಹುರಿಹಿಟ್ಟು ಅಂತ ಹುಡುಕಿದರೆ

"ಮಿಷನ್ ನಿಲ್ಲಿಸಿ. ನಿಮ್ಮ ಹತ್ರ ಮಾತಾಡಬೇಕು."

ಹನೂರಿನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತ ಮಾಲಿನಿಯನ್ನು ಕಂಡದ್ದೇ ಬಸವಕುಮಾರನ ಕೈ ಸ್ವಿಚ್ಚಿಗೆ ಹೋಯಿತು. ಗಿರಣಿ ಅವನದೇ. ತಲೆಯಿಂದ ಕಾಲತನಕ ರಾಗಿಹಿಟ್ಟು ಮೆತ್ತಿಕೊಂಡಿದ್ದರೂ ಮುಖ ಅರಳಿತು ನೋಡಿ, ಪಾಪ! ಬಂದವಳ ಕಣ್ಣಲ್ಲಿ ಬೆಂಕಿ ಇದ್ದದ್ದು ಅವನಿಗೆ ಕಾಣಲೇ ಇಲ್ಲ.

"ಯಳಂದೂರಿಂದ ಬಂದ್ರಾ? ಬನ್ನಿ, ಕೂತ್ಕಳಿ..."

"ಕೂರೋಕೆ ಬಂದಿಲ್ಲ ನಾನು."

ಯಳಂದೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹನೂರು. ಸಿಟ್ಟು ಬಂದವರಿಗೆ ಯಾವ ಬಸ್ಸೂ ನಿಧಾನವೇ. ಇಳಿಯುವಷ್ಟರಲ್ಲಿ ಆರಬೇಕಿದ್ದ ಕೋಪ ಇನ್ನಷ್ಟು ಕುದಿದಿತ್ತು.

ಕೋಪವಾದರೂ ಯಾರ ಮೇಲೆ? ಕೊಳ್ಳೇಗಾಲದ ತರಬೇತಿಯಲ್ಲಿ ಪಕ್ಕದಲ್ಲೇ ಕೂತು, ಆನ್‌ಲೈನಲ್ಲಿ ಅಂಗಡಿ ತೆರೆಯೋದನ್ನ ತಾಳ್ಮೆಯಿಂದ ಹೇಳಿಕೊಟ್ಟವನ ಮೇಲೆ. ಅವಳ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿ ತಿಂದು, ಬೆರಳು ಚೀಪಿ, ಆಮೇಲೆ ನಾಚಿಕೊಂಡವನ ಮೇಲೆ. ಅವತ್ತಿನಿಂದ ಫೋನ್ ಸದ್ದಾದರೆ ಸಾಕು, ಅವನೇನಾ ಅಂತ ಓಡಿಹೋಗುತ್ತಿದ್ದಳು ಹುಡುಗಿ.

'ವ್ಯಾಪಾರ ಹೋದ್ರೆ ಹೋಗ್ಲಿ... ಇವನೇ ಮೋಸ ಮಾಡಿದ್ರೆ ನಾನು ಇನ್ಯಾರನ್ನ ನಂಬಲಿ?'

ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು.

"ರಾಗಿ ಹುರಿಹಿಟ್ಟು ಅಂತ ಹುಡುಕಿದ್ರೆ ಎಲ್ಲರಿಗಿಂತ ಮೇಲೆ ನಿಮ್ಮ ಅಂಗಡಿ. ನಾನು ಎಲ್ಲೋ ತಳದಲ್ಲಿ. ನೀವು ಮಾರೋದು ಬರೀ ರಾಗಿಹಿಟ್ಟು. ರಾಗಿ ನೆನೆಸಿ, ಆರಿಸಿ, ಕಾದ ಮರಳಲ್ಲಿ ಅರಳು ಹುರಿದು ಬೀಸೋಳು ನಾನು. ನನ್ನ ಆರ್ಡರೆಲ್ಲ ನಿಂತೋಗಿದೆ. ಯಾಕ್ರೀ ಹೀಗ್ ಮಾಡಿದ್ರಿ?"

ಬಸವಕುಮಾರ ಬೆಪ್ಪಾದ. ಕೈ ಒರೆಸಿಕೊಂಡು ತನ್ನ ಫೋನ್ ತೆಗೆದು, ಅದೇ ಮಾತು ಒತ್ತಿ ತೋರಿಸಿದ.

"ನೋಡ್ರಿ. ನೀವೇ ಮೊದ್ಲು. ದಿನಾ ನೋಡ್ತೀನಲ್ಲ, ದಿನಾ ನೀವೇ ಮೊದ್ಲು."

"ದಿನಾನಾ?"

ಅವನು ತಲೆ ತಗ್ಗಿಸಿದ. "ನಾ ಬಳಸೋ ಸರ್ಚ್ ಬೇರೆ ಕಣ್ರಿ, ನಿಮ್ದು ಬೇರೆ. ಇಂಗೆ ಎರಡು ತರ ತೋರ್ಸ್ತದೆ ಅಂತ ನಂಗೂ ಗೊತ್ತಿರ್ನಿಲ್ಲ."

ಮೂಲೆಯಲ್ಲಿ ರಾಗಿ ಕೇರುತ್ತಿದ್ದ ಅವನ ತಾಯಿ ಪುಟ್ಟಮಲ್ಲಮ್ಮ ಮೊರ ಕೆಳಗಿಟ್ಟರು.

"ಏನವ್ವಾ, ಫೋನಲ್ಲಿ ಅಂಗಡಿ ಬಾಗ್ಲು ನೋಡ್ಬುಟ್ಟೇ ಜಗಳಕ್ಕೆ ಬಂದ್ಯಾ? ಒಳಕ್ಕೋಗಿ ನೋಡ್ನಿಲ್ವಾ? ಅದ್ರಲ್ಲಿ ನಿನ್ನೆಸ್ರು ಅದೆ. ಬರ್ದಾದ್ಮೇಲೆ ನಂಗೇ ಓದಿ ಏಳ್ದ."

"ಅವ್ವಾ, ಸುಮ್ಕಿರು..."

ನಿಜ, ಅವಳು ಒಳಗೆ ಹೋಗಿರಲಿಲ್ಲ. ಮೇಲೆ ಅವನ ಹೆಸರು ಕಂಡಾಗಲೆಲ್ಲ ಹೊಟ್ಟೆ ಉರಿದು ಮುಚ್ಚಿಬಿಡುತ್ತಿದ್ದಳು. ಈಗ ಒತ್ತಿದಳು.

'ಹುರಿಹಿಟ್ಟು ನಮ್ಮಲ್ಲಿಲ್ಲ. ಹುರಿಹಿಟ್ಟು ಬೇಕಾದವರು ಇಲ್ಲಿ ಒತ್ತಿ, ಯಳಂದೂರಿನ ಮಾಲಿನಿ ಅವರಿಂದಲೇ ತರಿಸಿಕೊಳ್ಳಿ. ಅಂಥ ಹುರಿಹಿಟ್ಟು ಇನ್ನೆಲ್ಲೂ ಸಿಗುವುದಿಲ್ಲ.'

ಇನ್ನೊಮ್ಮೆ ಓದಿದಳು. ಅಕ್ಷರಗಳು ಮಂಜಾದವು.

"ಇದ್ರಿಂದ್ಲೇ ಎಡವಟ್ಟಾಗಿರೋದು ಅನ್ಸ್ತದೆ," ಅಂದ ಬಸವಕುಮಾರ ಮೆಲ್ಲಗೆ. "ನಿಮ್ಮ ಸರ್ಚು ಆ ಮಾತು ಎಲ್ಲೆಲ್ಲಿ ಅದೆ ಅಂತ ಮಾತ್ರ ನೋಡ್ತದೇನೋ. 'ಇಲ್ಲ' ಅಂದಿರೋದು ಅದ್ಕೆ ಗೊತ್ತಾಗದಿಲ್ಲ. ಹಿಟ್ಟು, ಹುರಿಹಿಟ್ಟು ಎರಡೂ ಒಂದೇ ಅಂದ್ಕಂಡು, ಹಳೇ ಅಂಗಡಿ ಅಂತ ನನ್ನ ಮೇಲಕ್ಕೆ ಕೂರ್ಸ್ಬುಟ್ಟದೆ. ನನ್ನ ಸರ್ಚು, ಯಾರು ಯಾರ ಕಡೆ ಕೈ ತೋರ್ಸವ್ರೆ ಅಂತ ನೋಡ್ತದೇನೋ. ನಾ ನಿಮ್ಮ ಕಡೆ ತೋರ್ಸಿದ್ನಲ್ಲ..."

'ಒಳ್ಳೇದು ಮಾಡೋಕೆ ಹೋಗಿ ನನ್ನನ್ನೇ ತಳಕ್ಕೆ ತಳ್ಳಿದ್ದಾನೆ, ಹುಚ್ಚ.' ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ತಪ್ಪಾಯ್ತು."

"ನಿಮ್ಮ ಹೊಟ್ಟೆಪಾಡು ಕಣ್ರಿ, ಕೋಪ ಬರದೇ ಇರ್ತದಾ? ಈಗ್ಲೇ ಆ ಸಾಲು ಅಳಿಸ್ಬುಡ್ತೀನಿ."

ಅವನ ಬೆರಳು ಅಲ್ಲಿಗೆ ಹೋಗಿ ನಿಂತುಬಿಟ್ಟಿತು. ಪುಟ್ಟಮಲ್ಲಮ್ಮ ಮೊರ ಎತ್ತಿಕೊಂಡು, ಕೆಲಸ ನೆನಪಾದವರ ಹಾಗೆ ಹೊರಗೆ ನಡೆದರು.

"ಯಾಕೆ, ಏನಾಯ್ತು?"

"ಅಳಿಸಿದ್ರೆ ನಿಮ್ಮ ಆರ್ಡರ್ ವಾಪಸ್ ಬತ್ತವೆ, ಅಷ್ಟೇ ಬೇಕಿರೋದು. ಆದ್ರೆ... ನನ್ನಂಗ್ಡೀಲಿ ನಿಮ್ಮೆಸ್ರು ಇರದಿಲ್ಲವಲ್ಲ."

ಮಾಲಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅಳಿಸಿ. ಬರೀ ಹೆಸರಿಟ್ಕೊಂಡು ಏನ್ಮಾಡ್ತೀರಾ? ಅಮ್ಮನ್ನ ಕರ್ಕೊಂಡು ಯಳಂದೂರಿಗೆ ಬಂದು, ನನ್ನನ್ನೇ ಕೇಳಿ."

ಅವನು ಅಳಿಸಿದ. ಫೋನ್ ಜೇಬಿಗಿಟ್ಟು ಅವಳ ಕಡೆ ತಿರುಗಿದ.

"ನಿಮ್ಮಪ್ಪ ಕೊಡ್ತಾರಾ?"

"ಅಪ್ಪ ಏನಂತಾರೋ ನಾ ಕಾಣೆ. ನಾನಂತೂ ಹೂಂ ಅಂದಾಯ್ತು."