ಬೆಳಗೊಳದ ಮೂರು ದಿನ

ಕಾಲು ಜಾರಿದ್ದು ಒಂದೇ ಕ್ಷಣ. ಯಶೋಧಳ ಎದೆ ಧಸಕ್ಕೆಂದದ್ದು ಬೀಳುತ್ತೇನೆಂದಲ್ಲ, ಅದನ್ನು ಅವನು ನೋಡಿಬಿಟ್ಟನಲ್ಲ ಎಂದು.

ಶ್ರೀರಂಗಪಟ್ಟಣದ ದೇವಸ್ಥಾನದ ಹಿಂದೆ ಕಾವೇರಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿತ್ತು. ಅವಳು ನೀರಿನ ಕಡೆಗೆ ವಾಲುವಷ್ಟರಲ್ಲಿ ರವೀಂದ್ರ ಅವಳ ಮುಂಗೈ ಹಿಡಿದುಕೊಂಡಿದ್ದ. ಹಿಡಿದವನು ತಕ್ಷಣ ಬಿಡಲಿಲ್ಲ.

"ಪಾಚಿ ಅದೆ. ನೋಡ್ಕೊಂಡು ಇಳೀರಿ," ಅಂದ.

ಅವರಿಬ್ಬರ ನಡುವಿನ ಮೊದಲ ಮಾತು ಅದು. ಯಶೋಧ ತಲೆಯೆತ್ತಿದಳು. ಅವನ ಮುಖದಲ್ಲಿ ಗಾಬರಿ ಇತ್ತು, ಅದರ ಹಿಂದೆಯೇ ಒಂದು ಸಣ್ಣ ನಗು. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅವನ ತಾಯಿ ಮಾಯಮ್ಮ ಮಾತ್ರ ಇಬ್ಬರ ಕೈಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಯಶೋಧಳ ಎಡಗಾಲಿನ ಮೇಲಿತ್ತು.

ಅದು 1993ರ ಏಪ್ರಿಲ್. ಯಶೋಧ ನಾಗಮಂಗಲದ ಹುಡುಗಿ. ಇಪ್ಪತ್ಮೂರು ವರ್ಷ, ಪ್ರೈಮರಿ ಶಾಲೆಯ ಟೀಚರು. ಅಪ್ಪ ಕರಿಯಯ್ಯನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳ ಸಣ್ಣ ಅಂಗಡಿ. ರವೀಂದ್ರ ಕೆ.ಆರ್. ಪೇಟೆಯ ಜಮೀನುದಾರರ ಮನೆಯ ಒಬ್ಬನೇ ಮಗ, ಜೂನಿಯರ್ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ದಲ್ಲಾಳಿ ಹೊನ್ನಪ್ಪ ತಂದುಕೊಟ್ಟ ಫೋಟೋ ನೋಡಿ, ಮದುವೆಯಾದರೆ ಈ ಹುಡುಗಿಯನ್ನೇ ಎಂದು ಹಟ ಹಿಡಿದಿದ್ದನಂತೆ.

ಮಾಯಮ್ಮ ಬೇಡವೆನ್ನಲಿಲ್ಲ. ಹೊಸ ಥರದ ಒಂದು ಮಾತು ಹೇಳಿ ಕಳಿಸಿದಳು. ಉಪ್ಪಿಟ್ಟು ತಿಂದು ಎದ್ದುಹೋಗುವ ಹೆಣ್ಣು ನೋಡುವ ಶಾಸ್ತ್ರ ಯಾಕೆ? ತನ್ನ ತಮ್ಮ ದೇವಯ್ಯ ರಜೆಗೆಂದು ಬೆಳಗೊಳದಲ್ಲಿ ಕಟ್ಟಿಸಿದ ಮನೆ ಖಾಲಿ ಬಿದ್ದಿದೆ. ಎರಡೂ ಕಡೆಯವರು ಮೂರು ದಿನ ಅಲ್ಲಿದ್ದು, ಸುತ್ತಮುತ್ತಲ ದೇವಸ್ಥಾನಗಳನ್ನು ನೋಡಿಕೊಂಡು ಬಂದರೆ ಹುಡುಗ ಹುಡುಗಿಗೂ ಪರಿಚಯವಾಗುತ್ತದೆ.

ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿತು ನಾಗಮಂಗಲದ ಮನೆ. ಯಶೋಧಳ ಜೊತೆಗೆ ಅವಳ ಸೋದರತ್ತೆ ಚಿಕ್ಕಬೋರಮ್ಮ ಹೊರಟಳು. ಮಾಯಮ್ಮನ ಜೊತೆ ದೇವಯ್ಯನ ಮಗಳು ತನುಶ್ರೀ ಬಂದಿದ್ದಳು. ಇಪ್ಪತ್ತರ ಹುಡುಗಿ, ಮಾತು ಕಡಿಮೆ.

ಯಶೋಧ ಹತ್ತು ವರ್ಷದವಳಿದ್ದಾಗ ಹುಣಸೆಮರದಿಂದ ಬಿದ್ದಿದ್ದಳು. ಮೂಳೆ ಕೂಡಿತು, ಸರಿಯಾಗಿ ಕೂಡಲಿಲ್ಲ. ಎಡಗಾಲು ಅರ್ಧ ಅಂಗುಲ ಗಿಡ್ಡ. ಮಾಮೂಲಾಗಿ ನಡೆದರೆ ಗೊತ್ತಾಗುತ್ತಿರಲಿಲ್ಲ. ದಣಿದರೆ ಕುಂಟು ಕಾಣುತ್ತಿತ್ತು. ಇದನ್ನು ಮುಚ್ಚಿಡಬಾರದೆಂದು ಕರಿಯಯ್ಯ ತನ್ನ ಕೈಯಾರೆ ಮಾಯಮ್ಮನ ಮನೆಗೆ ಕಾಗದ ಬರೆದಿದ್ದ. ಒಪ್ಪಿಗೆಯಿದ್ದರೆ ಮಾತ್ರ ಮುಂದಿನ ಮಾತು ಎಂದೂ ಬರೆದಿದ್ದ.

ಹಾಗಾಗಿ ಯಶೋಧ ನಿಶ್ಚಿಂತೆಯಾಗಿದ್ದಳು. ಅವನಿಗೆ ಎಲ್ಲಾ ಗೊತ್ತು... ಗೊತ್ತಿದ್ದೂ ಬಂದಿದ್ದಾನೆ. ಗೊತ್ತಿದ್ದೂ ಒಂದು ಮಾತು ಕೇಳುತ್ತಿಲ್ಲ. ಇಂಥವರೂ ಇರುತ್ತಾರಾ?

ಎರಡನೇ ದಿನ ಹೊಸಹೊಳಲು. ದೇವಸ್ಥಾನದ ಹೊರಗೋಡೆಯ ಕೆತ್ತನೆಗಳ ಉದ್ದಕ್ಕೂ ರವೀಂದ್ರ ಅವಳನ್ನು ನಡೆಸಿಕೊಂಡು ಹೋದ. ಕೆಳಗಿನ ಸಾಲಿನಲ್ಲಿ ಆನೆ, ಮೇಲೆ ಕುದುರೆ, ಅದರ ಮೇಲೆ ರಾಮಾಯಣ. ಪಾಠ ಹೇಳುವ ಹುರುಪಿನಲ್ಲಿ ಅವನು ಒಂದು ಸುತ್ತು ಮುಗಿದದ್ದನ್ನೂ ಮರೆತು ಎರಡನೇ ಸುತ್ತು ಶುರುಮಾಡಿದ್ದ. ಅವಳಿಗೆ ಕಾಲು ಸಿಡಿಯುತ್ತಿತ್ತು. ಆದರೂ ಸಾಕು ಎನ್ನಲು ಮನಸ್ಸಾಗಲಿಲ್ಲ.

ನೆರಳಿಗೆ ಕೂತಾಗ ಅವನು, ನಿಮಗೆ ಮುಂದೆ ಏನು ಮಾಡಬೇಕು ಅಂತಿದೆ ಎಂದು ಕೇಳಿದ. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಿ.ಎ. ಕಟ್ಟಬೇಕು ಎಂದಳು, ಸಂಕೋಚದಿಂದ.

"ಕಟ್ಟಿ. ಇತಿಹಾಸ ತಗೊಳ್ಳಿ. ಫೇಲಾದ್ರೆ ಮೇಷ್ಟ್ರ ಮರ್ಯಾದೆ ಓಗ್ತದೆ," ಅಂದ.

ಯಶೋಧ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಅವಳಿಗೆ ತಿಳಿದುಹೋಯಿತು, ಮನಸ್ಸು ಇನ್ನು ತನ್ನ ಹತ್ತಿರ ಇಲ್ಲ ಎಂದು.

ಅವತ್ತು ಸಂಜೆ ಬೆಳಗೊಳದ ಮನೆಯ ಹಿಂದಿನ ಜಗಲಿಯಲ್ಲಿ ಚಿಕ್ಕಬೋರಮ್ಮ ಅವಳ ಊದಿದ ಕಾಲಿಗೆ ಹರಳೆಣ್ಣೆ ತಿಕ್ಕಿದಳು. ನೋವು ಅಂತ ಹುಡುಗನಿಗೆ ಒಂದು ಮಾತು ಹೇಳಬಾರದಾ ಎಂದಳು. ಗೊತ್ತಿರುವುದನ್ನೇ ಹೇಳಿ ಯಾಕೆ ಕನಿಕರ ಕೇಳಬೇಕು ಎಂದು ಯಶೋಧ ತಳ್ಳಿಹಾಕಿದಳು.

ಮೂರನೇ ದಿನ ಮೇಲುಕೋಟೆ.

ಕಲ್ಯಾಣಿಯ ಹತ್ತಿರ ಮಾಯಮ್ಮ ಕಾರಿನಿಂದ ಒಂದು ಹಿತ್ತಾಳೆ ಬಿಂದಿಗೆ ಇಳಿಸಿದಳು. ತನಗೊಂದು ಹರಕೆಯಿದೆ, ಮನೆಗೆ ಬರುವ ಸೊಸೆ ಕಲ್ಯಾಣಿಯ ನೀರು ತುಂಬಿಕೊಂಡು ಬೆಟ್ಟದ ಮೇಲಿನ ನರಸಿಂಹಸ್ವಾಮಿಯವರೆಗೂ ಬರಿಗಾಲಲ್ಲಿ ಹತ್ತಬೇಕು ಎಂದಳು. ಸೊಸೆ ಎಂಬ ಮಾತಿಗೆ ಯಶೋಧಳ ಮುಖ ಕೆಂಪಾಯಿತು. ಮರುಮಾತಿಲ್ಲದೆ ಬಿಂದಿಗೆ ಸೊಂಟಕ್ಕಿಟ್ಟುಕೊಂಡಳು.

ಗಂಟೆ ಹನ್ನೊಂದು. ಏಪ್ರಿಲ್ ಬಿಸಿಲಿಗೆ ಕಲ್ಲು ಕಾದಿತ್ತು. ನೂರು ಮೆಟ್ಟಿಲು ದಾಟುವಷ್ಟರಲ್ಲಿ ಮೊಣಕಾಲು ನಡುಗತೊಡಗಿತು. ರವೀಂದ್ರ ಬಿಂದಿಗೆಗೆ ಕೈಚಾಚಿದ. ಹರಕೆ ಕೆಡುತ್ತದೆ, ಮುಟ್ಟಬೇಡ ಎಂದಳು ಮಾಯಮ್ಮ. ಇನ್ನು ಸ್ವಲ್ಪ ದೂರ... ಇನ್ನು ಸ್ವಲ್ಪ... ಯಶೋಧ ಹಲ್ಲು ಕಚ್ಚಿ ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಎಡಗಾಲು ಎಳೆಯುತ್ತಿತ್ತು, ಮೈ ಒಂದು ಕಡೆಗೆ ವಾಲುತ್ತಿತ್ತು. ಇಳಿದು ಬರುತ್ತಿದ್ದವರೂ ನಿಂತು ನೋಡಿದರು.

ಕೊನೆಗೆ ಕಾಲು ಕೈಕೊಟ್ಟಿತು. ಅವಳು ಕುಸಿದಳು. ಬಿಂದಿಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಢಣ್ ಢಣ್ ಎಂದು ಬಡಿಯುತ್ತಾ ಕೆಳಗಿನ ತಿರುವಿನವರೆಗೂ ಉರುಳಿಹೋಯಿತು.

ಮಾಯಮ್ಮ ದನಿ ಏರಿಸಲಿಲ್ಲ.

"ನೋಡ್ಕೊ ರವಿ. ಕಣ್ಣಾರೆ ನೋಡ್ಕೊಬುಡು. ಫೋಟೋದಲ್ಲಿ ಕಾಲು ಕಾಣ್ತಿರ್ನಿಲ್ಲ."

ಚಿಕ್ಕಬೋರಮ್ಮ ಮುಂದೆ ಬಂದು, ತನ್ನ ಅಣ್ಣ ಎಲ್ಲವನ್ನೂ ಕಾಗದದಲ್ಲಿ ಬರೆದಿದ್ದಾನೆ ಎಂದಳು. ಅಂಥ ಯಾವ ಕಾಗದವೂ ತಮ್ಮ ಮನೆಗೆ ಬಂದಿಲ್ಲ ಎಂದಳು ಮಾಯಮ್ಮ. ತನುಶ್ರೀ ತಲೆ ತಗ್ಗಿಸಿ ನಿಂತಿದ್ದಳು.

ರವೀಂದ್ರನ ಮುಖ ಬಿಳಿಚಿಕೊಂಡಿತ್ತು. ಯಶೋಧ ಅವನನ್ನೇ ನೋಡುತ್ತಿದ್ದಳು. ಒಂದು ಮಾತು ಹೇಳಿ... ಕೈ ಕೊಡಿ, ಸಾಕು.

"ಮೂರು ದಿನ ಜೊತೇಲಿದ್ರಲ್ಲ," ಎಂದ ಅವನು. "ನಾನು ನಿಮ್ಮನ್ನ ಏನೇನೆಲ್ಲಾ ಕೇಳ್ದೆ. ಇದೊಂದು ಹೇಳಕ್ಕಾಗ್ನಿಲ್ವಾ? ಮುಚ್ಚಿಟ್ಟು ಮದ್ವೆ ಆಗೋಣ ಅಂತಿದ್ರಾ?"

ಉತ್ತರಕ್ಕೂ ಕಾಯದೆ ಅವನು ಒಬ್ಬನೇ ಮೆಟ್ಟಿಲಿಳಿದು ಹೋದ. ಹಿಂದೆ ತಿರುಗಿ ನೋಡಲಿಲ್ಲ.

ಕಾಲೂರಲು ಆಗದೆ ಯಶೋಧ ಕೂತಲ್ಲಿಂದಲೇ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದಳು. ಕೆಳಗೆ ಬರುವ ಹೊತ್ತಿಗೆ ಕಾರು ಹೋಗಿತ್ತು. ಅವಳ ಮತ್ತು ಚಿಕ್ಕಬೋರಮ್ಮನ ಬ್ಯಾಗುಗಳು ರಸ್ತೆಯ ಪಕ್ಕದಲ್ಲಿದ್ದವು.

ಜಕ್ಕನಹಳ್ಳಿಯಲ್ಲಿ ಬಸ್ಸು ಬದಲಿಸಿ ನಾಗಮಂಗಲಕ್ಕೆ ಬಂದವಳು ನೀರನ್ನೂ ಕುಡಿಯದೆ ಅಪ್ಪನ ಮುಂದೆ ನಿಂತಳು.

"ನೀನು ಬರ್ದೇ ಇಲ್ಲ ಅಲ್ವಾ ಅಪ್ಪ? ನನ್ನ ಹೆಂಗಾದ್ರೂ ಸಾಗಾಕ್ಬೇಕು ಅಂತ ಬರ್ದಿವ್ನಿ ಅಂತ ಸುಳ್ಳು ಹೇಳ್ದೆ."

"ಬರ್ದಿದ್ದೆ ಕಣವ್ವ," ಎಂದ ಕರಿಯಯ್ಯ.

ಅವಳು ನಂಬಲಿಲ್ಲ. ಅವನು ಎರಡನೇ ಸಲ ಹೇಳಲಿಲ್ಲ.

ಹೊನ್ನಪ್ಪನ ಬಾಯಿಂದ ಸುದ್ದಿ ಊರೆಲ್ಲಾ ಹಬ್ಬಿತು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಮೆಟ್ಟಿಲು ಹತ್ತದ ಹುಡುಗಿ ಎಂದು ಗುರುತಿಸಿದರು. ಮತ್ತೆ ಗಂಡುಗಳು ಬರಲಿಲ್ಲ. ಯಶೋಧ ಶಾಲೆಗೆ ಹೋದಳು, ಬಂದಳು. ಅಪ್ಪನಿಗೆ ಊಟಕ್ಕಿಟ್ಟಳು, ಎದುರಿಗೆ ಕೂತು ಮಾತಾಡಲಿಲ್ಲ. ಎಷ್ಟೋ ಸಲ ಅವನು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಅವಳು ಏನಾದರೂ ಅನ್ನಲಿ ಎಂದು ಕಾದದ್ದುಂಟು. ಅವಳಿಗೆ ಅದು ಕಾಣದೇ ಇರಲಿಲ್ಲ.

ಮುಂದಿನ ವರ್ಷದ ಕಾರ್ತಿಕದಲ್ಲಿ ಕರಿಯಯ್ಯ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದ. ಮೈಸೂರಿಗೆ ಸಾಗಿಸುವ ದಾರಿಯಲ್ಲಿ ಹೋಗಿಬಿಟ್ಟ.

ಸುಮಾರು ಎರಡು ವರ್ಷ ಕಳೆದು, 1996ರ ಆಷಾಢದ ಒಂದು ಭಾನುವಾರ, ರವೀಂದ್ರ ಅವರ ಮನೆಯ ಬಾಗಿಲಿಗೆ ಬಂದು ನಿಂತ. ಬಾಗಿಲು ತೆಗೆದವಳು ಯಶೋಧಳ ತಾಯಿ ಸಿದ್ದಲಿಂಗಮ್ಮ. ಒಳಗೆ ಬಾ ಎನ್ನಲಿಲ್ಲ. ಅವನು ಹೊಸ್ತಿಲಾಚೆ ನಿಂತೇ ಹೇಳಿದ.

ತನುಶ್ರೀಯ ಜೊತೆ ಅವನ ಮದುವೆ ಗೊತ್ತಾಗಿತ್ತಂತೆ. ಮಾಯಮ್ಮನಿಗೆ ಮೊದಲಿಂದಲೂ ಇದ್ದ ಆಸೆ ಅದೇ. ಲಗ್ನಪತ್ರಿಕೆ ಅಚ್ಚಾದ ದಿನ ತನುಶ್ರೀ ಅತ್ತುಕೊಂಡು ಬಂದು, ಈ ಪಾಪ ಹೊತ್ತುಕೊಂಡು ಬಾಳಲಾರೆ ಎಂದಳಂತೆ. ಕರಿಯಯ್ಯನ ಕಾಗದ ಬಂದಿತ್ತು. ಮಾಯಮ್ಮ ಓದಿದ್ದಳು. ಮಗನ ಕೈಗೆ ಸಿಗದಂತೆ ಜೊತೆಯಲ್ಲೇ ತಂದಿದ್ದ ಅದನ್ನು ಬೆಳಗೊಳಕ್ಕೆ ಹೋದ ಮೊದಲ ಬೆಳಿಗ್ಗೆಯೇ ಹಂಡೆ ಒಲೆಗೆ ಹಾಕಿದ್ದನ್ನು ತನುಶ್ರೀ ಕಣ್ಣಾರೆ ಕಂಡಿದ್ದಳು. ಬಾಯಿ ಬಿಟ್ಟರೆ ಜೋಕೆ ಎಂದು ಮಾಯಮ್ಮ ಹೆದರಿಸಿದ್ದಳು. ಹರಕೆ ಎಂಬುದೇ ಇರಲಿಲ್ಲ. ಮಗನ ಕಣ್ಣಿಗೆ ಹೆಣ್ಣಿನ ಕುಂಟು ಬೀಳಲಿ ಎಂದೇ ಆ ಮೂರು ದಿನಗಳ ತಿರುಗಾಟ.

ಮದುವೆ ನಿಂತಿತು. ರವೀಂದ್ರ ಮನೆ ಬಿಟ್ಟು, ಪಾಂಡವಪುರಕ್ಕೆ ವರ್ಗ ಮಾಡಿಸಿಕೊಂಡು, ಬಾಡಿಗೆ ರೂಮಿನಲ್ಲಿದ್ದ.

"ನಮ್ಮವ್ವನ ತಪ್ಪು ಅಂತ ಹೇಳಿ ಜಾರ್ಕೊಳಕ್ಕೆ ಬಂದಿಲ್ಲ. ಅಲ್ಲಿ ಬುಟ್ಟೋದವ್ನು ನಾನು. ಕರಿಯಯ್ಯೋರ ಕಾಲಿಗೆ ಬೀಳ್ಬೇಕು ಅಂತ ಬಂದೆ."

"ಅವ್ರು ಓಗಿ ಎಲ್ಡು ವರ್ಸಾಯ್ತು," ಎಂದಳು ಸಿದ್ದಲಿಂಗಮ್ಮ. "ಮಸಾಣಕ್ಕೋಗಿ ಬೀಳು."

ಬಾಗಿಲು ಮುಚ್ಚಿತು.

ಒಳಗೆ ಗೋಡೆಗೊರಗಿ ನಿಂತಿದ್ದ ಯಶೋಧಳಿಗೆ ಒಂದೇ ಮಾತು ಕೇಳುತ್ತಿತ್ತು. ಬರ್ದಿದ್ದೆ ಕಣವ್ವ... ಬರ್ದಿದ್ದೆ ಕಣವ್ವ... ಅವಳು ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೆ ಕುಸಿದಳು. ಸಿದ್ದಲಿಂಗಮ್ಮ ಸಮಾಧಾನ ಹೇಳಲಿಲ್ಲ. ಗಂಡ ಆ ಒಂದೂವರೆ ವರ್ಷ ಹೇಗೆ ಊಟ ಮಾಡಿದ್ದನೆಂದು ಅವಳು ಕಂಡಿದ್ದಳು.

ಆಮೇಲೆ ರವೀಂದ್ರ ಬರಲಿಲ್ಲ, ಕಾಗದ ಬರೆಯಲಿಲ್ಲ. ಕ್ಷಮಿಸು ಎಂದು ಪೀಡಿಸಲಿಲ್ಲ. ಬಂದು ಗೋಗರೆದಿದ್ದರೆ ಅವನನ್ನು ದ್ವೇಷಿಸುವುದು ಯಶೋಧಳಿಗೆ ಸುಲಭವಾಗುತ್ತಿತ್ತು. ಈಗ ಅವನನ್ನು ಬೈಯಲು ಹೊರಟಾಗಲೆಲ್ಲಾ ಅಪ್ಪನ ತಟ್ಟೆ ಕಣ್ಣ ಮುಂದೆ ಬರುತ್ತಿತ್ತು.

ನಾಲ್ಕು ತಿಂಗಳು ಕಳೆದವು. ದೀಪಾವಳಿ ರಜೆಯಲ್ಲಿ ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಪಾಂಡವಪುರದ ಬಸ್ಸು ಹತ್ತಿದಳು. ಕಾಲೇಜಿನ ಹತ್ತಿರ ವಿಚಾರಿಸಿಕೊಂಡು ಅವನ ರೂಮಿಗೆ ನಡೆದಳು. ದಾರಿ ಉದ್ದವಿತ್ತು. ಕುಂಟು ಕಾಣುತ್ತಿತ್ತು. ಅದನ್ನು ಮುಚ್ಚಲು ಅವಳು ನಡಿಗೆ ಬಿಗಿಹಿಡಿಯಲಿಲ್ಲ.

ಬಟ್ಟೆ ಒಣಗಹಾಕುತ್ತಿದ್ದ ರವೀಂದ್ರ ಅವಳನ್ನು ಕಂಡು ಹಾಗೇ ನಿಂತುಬಿಟ್ಟ. ಸೊರಗಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ನಾನು ಜಗಳಕ್ಕೆ ಬಂದಿಲ್ಲ," ಎಂದಳು. "ನೀವು ನನ್ನ ಮಾತು ಕೇಳ್ನಿಲ್ಲ, ಬುಟ್ಟೋದ್ರಿ. ನಾನು ಅಪ್ಪನ್ನ ಕೇಳ್ದೆ, ಅವ್ರು ಹೇಳುದ್ರು, ಆದ್ರೂ ನಂಬ್ನಿಲ್ಲ. ಒಂದೂವರೆ ವರ್ಷ ಮಾತಾಡ್ಸಲಿಲ್ಲ ನಾನು. ನಿಮಗಾದ್ರೂ ಬಂದು ತಪ್ಪಾಯ್ತು ಅಂತ ಹೇಳಕ್ಕೆ ನಾನಿವ್ನಿ. ನನಗೆ ಯಾರವ್ರೆ?"

ಅವನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಯಶೋಧ ಅವನ ಪಕ್ಕದಲ್ಲಿ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

"ಇದನ್ನ ನಾನು ಮರ್ಯಲ್ಲ," ಎಂದಳು ಅವಳು.

"ಮರೀಬೇಡಿ," ಎಂದ ಅವನು. "ಮರ್ತುಬುಡಿ ಅಂತ ನಾನು ಯಾವತ್ತೂ ಕೇಳಲ್ಲ. ನಿಮ್ಮನ್ನ ಒಂದು ದಿನಕ್ಕೂ ಮನ್ಸಿಂದ ತೆಗೆಯಕ್ಕಾಗ್ನಿಲ್ಲ. ತಪ್ಪು ತಿಳ್ಕೊಂಡಿದ್ದಾಗ್ಲೂ ಆಗ್ನಿಲ್ಲ. ಅದನ್ನ ಹೇಳಕ್ಕೆ ಯಾವ ಮುಖ ಇಟ್ಕೊಂಡು ಬರ್ಲಿ?"

ನನಗೂ ಆಗಲಿಲ್ಲ ಎಂದು ಯಶೋಧಳಿಗೆ ಹೇಳಬೇಕೆನಿಸಿತು. ಹೇಳದೆ ಅವನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು, ಕೊಡವಿ, ತಂತಿಯ ಮೇಲೆ ಹಾಕಿದಳು. ಅವನಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟರು. ಸಿದ್ದಲಿಂಗಮ್ಮ ಏನನ್ನುತ್ತಾಳೋ ಇಬ್ಬರಿಗೂ ಗೊತ್ತಿರಲಿಲ್ಲ.

"ಅವ್ವ ಬೈತಾರೆ," ಎಂದಳು ಯಶೋಧ.

"ಬೈಸ್ಕೊಳ್ಳಕ್ಕೇ ಬತ್ತಾ ಇರೋದು."

"ಬಾಗ್ಲು ಹಾಕ್ಕೊಂಡ್ರೆ?"

"ಜಗಲಿ ಮೇಲೆ ಕೂತ್ಕೊತೀನಿ. ತೆಗ್ಯೋಗಂಟ."

ಬಸ್‌ಸ್ಟ್ಯಾಂಡಿಗೆ ಇನ್ನೂ ಅರ್ಧ ಮೈಲಿಯಿತ್ತು. ರವೀಂದ್ರ ನಿಂತ. ತುಸು ತಡವರಿಸಿ, ಮೆಲ್ಲಗೆ ಕೇಳಿದ.

"ಕಾಲು ನೋಯ್ತಾ ಅದ?"

ಇಲ್ಲ ಎನ್ನುವುದು ಅವಳ ಹದಿನಾರು ವರ್ಷದ ಅಭ್ಯಾಸ. ಅದು ನಾಲಿಗೆ ತುದಿಯವರೆಗೂ ಬಂದಿತ್ತು.

"ಊಂ," ಎಂದಳು ಯಶೋಧ. "ತುಂಬಾ ನೋಯ್ತಾ ಅದೆ."

"ಕೂತ್ಕೊಳ್ಳಾನಾ ಒಂದು ಗಳಿಗೆ?"

"ಬಸ್ಸು ಓಗ್ಬುಡ್ತದೆ."

"ಓಗ್ಲಿ," ಎಂದ ಅವನು. "ಸಂಜೆಗೊಂದು ಅದೆ."