ಶೀರಾಜಳ ಡಬ್ಬಿ, ನರ್ಜಿಸಳ ಟ್ರೇ

ಮುಂದಿರ್ ಕಣ್ಣು ಮುಚ್ಚಿಕೊಂಡು ಗ್ರಾನೋಲಾ ಅಗಿಯುತ್ತಿದ್ದ. ಅವನು ಹಾಗೆ ಕಣ್ಣು ಮುಚ್ಚಿದ್ದೇ ಹೊಸ ಹೆಂಡತಿ ನರ್ಜಿಸಳಿಗೆ ಸಹಿಸಲಾಗಲಿಲ್ಲ.

ಓಟ್ಸು, ಬೀಜಗಳಿಗೆ ಜೇನು ಕಲೆಸಿ ಗರಿಗರಿಯಾಗಿ ಬೇಯಿಸಿದ ಆ ತಿಂಡಿ ಅವನ ಮೊದಲ ಹೆಂಡತಿ ಶೀರಾಜ್ ಮಾಡಿ ಕಳಿಸಿದ್ದು. ವಿಚ್ಛೇದನದ ನಂತರ ಮಗಳು ಮಲಾಕ್ ತಾಯಿಯ ಜೊತೆಗಿದ್ದಾಳೆ. ವಾರದ ಕೊನೆಗೆ ಸ್ಫಾಕ್ಸ್ ನಗರದ ಈ ಮನೆಗೆ ಬರುವಾಗ ಗಾಜಿನ ಡಬ್ಬಿ ತುಂಬ ಗ್ರಾನೋಲಾ ತರುತ್ತಾಳೆ.

"ಅಪ್ಪಾ, ಅಮ್ಮ ಈ ಸಲ ಪಿಸ್ತಾ ಹಾಕಿದಾಳೆ. ಹೇಗಿದೆ?"

"ಎಂದಿನ ಹಾಗೇ," ಎಂದು ಮುಂದಿರ್ ನಕ್ಕ.

ಎಂದಿನ ಹಾಗೇ! ಮದುವೆಯಾಗಿ ಇನ್ನೂ ವರ್ಷ ತುಂಬದ ನರ್ಜಿಸಳಿಗೆ ಆ ಮಾತಿನೊಳಗೆ ತಾನಿಲ್ಲದ ಒಂದು ಸಂಸಾರವೇ ಕಂಡಿತು. ಎಷ್ಟು ಬೆಳಗುಗಳೋ, ಎಷ್ಟು ನಗುವೋ.

ಮರುದಿನ ಬೆಳಿಗ್ಗೆ ಅವಳೇ ಓಟ್ಸಿಗೆ ಬಾದಾಮಿ, ಎಳ್ಳು, ಜೇನು, ಆಲಿವ್ ಎಣ್ಣೆ ಕಲೆಸಿ ಟ್ರೇಯನ್ನು ಓವನ್ನಿಗೆ ತಳ್ಳಿದಳು. ಈ ಮನೆಯವರು ಇನ್ನು ತನ್ನ ಕೈಯ ಗ್ರಾನೋಲಾ ತಿನ್ನಲಿ!

ಅಷ್ಟರಲ್ಲಿ ಹಜಾರದಿಂದ ಮುಂದಿರನ ದನಿ ಕೇಳಿಸಿತು. ಫೋನಿನಲ್ಲಿದ್ದ.

"ಆಯ್ತು ಶೀರಾಜ್... ಹ್ಞೂಂ, ತುಂಬಾ ಚೆನ್ನಾಗಿತ್ತು."

ನರ್ಜಿಸ್ ಬಾಗಿಲಿಗೆ ಕಿವಿಯಾನಿಸಿ ನಿಂತುಬಿಟ್ಟಳು. ಹೊಗೆ ಮೂಗಿಗೆ ಬಡಿದಾಗಲೇ ಓವನ್ ನೆನಪಾದದ್ದು.

"ಏನಿದು ಹೊಗೆ?" ಮುಂದಿರ್ ಓಡಿಬಂದ.

"ನಿನ್ನ ಪ್ರೇಮಸಲ್ಲಾಪ ಮುಗೀತಾ?"

"ಮಲಾಕ್‌ನ ಯಾವಾಗ ಬಿಡ್ಲಿ ಅಂತ ಕೇಳ್ತಿದ್ದೆ ಮಾರಾಯ್ತಿ!"

"ತುಂಬಾ ಚೆನ್ನಾಗಿತ್ತು ಅಂದ್ಯಲ್ಲ, ಅದೂ ಬಿಡೋ ವಿಷಯಾನಾ?"

ಅವನು ಟ್ರೇಯನ್ನು ಹೊರಗೆಳೆದು ಅಂಚಿನಿಂದ ಒಂದು ಚಮಚ ಬಾಯಿಗಿಟ್ಟ. ಮುಖ ಕಿವುಚಿದ.

"ಥೂ, ಕಹಿ!"

ನರ್ಜಿಸಳ ಕಣ್ಣು ತುಂಬಿತು. "ಅವಳದಾದ್ರೆ ಕಣ್ಣು ಮುಚ್ಕೊಂಡು ಸವೀತೀಯ."

"ಮುಚ್ಚದಿದ್ರೆ ಗಂಟಲಲ್ಲಿ ಇಳಿಯಲ್ಲ ಕಣೇ. ನಂಗೆ ಗ್ರಾನೋಲಾನೇ ಆಗಲ್ಲ!"

ಅವಳು ಬೆಪ್ಪಾಗಿ ನೋಡಿದಳು.

"ಅವಳ ಜೊತೆ ಇದ್ದಷ್ಟು ದಿನಾನೂ ತಿಂದೆ. ಬೇಡ ಅನ್ನೋಕೆ ಬಾಯೇ ಬರಲಿಲ್ಲ. ಗ್ರಾನೋಲಾ ಒಂದೇ ಅಲ್ಲ, ಯಾವುದಕ್ಕೂ ಬರಲಿಲ್ಲ. ಸುಮ್ಮನಿದ್ದು ಸುಮ್ಮನಿದ್ದು ಕೊನೆಗೆ ಇಬ್ಬರ ಮಧ್ಯೆ ಮಾತೇ ಉಳೀಲಿಲ್ಲ. ಈಗ ಮಗು ಮುಖ ನೋಡಿ ತಿಂತೀನಿ, ಚೆನ್ನಾಗಿತ್ತು ಅಂತೀನಿ, ಅಷ್ಟೇ."

"ನನ್ನೆದುರು ಮಾತ್ರ ಥೂ ಅಂತೀಯ?"

"ಹೂಂ. ಮನಸ್ಸಿಗೆ ಬಂದದ್ದು ಹೇಳೋಕೆ ನಂಗೆ ಸಿಕ್ಕಿರೋಳು ನೀನೊಬ್ಬಳೇ." ಅವನು ಹೆಬ್ಬೆರಳಿನಿಂದ ಅವಳ ಕೆನ್ನೆಯ ಕಣ್ಣೀರು ಒರೆಸಿದ. ಬೆರಳಿಗಂಟಿದ್ದ ಜೇನು ಕೆನ್ನೆಗೆ ಮೆತ್ತಿಕೊಂಡಿತು. ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂತು.

ಮಲಾಕ್ ಕಣ್ಣುಜ್ಜಿಕೊಳ್ಳುತ್ತ ಬಂದು ಟ್ರೇಗೆ ಕೈಹಾಕಿದಳು. "ಆಂಟಿ, ಅಂಚು ಸುಟ್ಟಿದೆ. ನಡುವಿಂದು ಸೂಪರ್! ಅಮ್ಮಂಗೂ ಸ್ವಲ್ಪ ಒಯ್ಲಾ?"

ನರ್ಜಿಸಳ ಎದೆಯಲ್ಲಿ ಮುಳ್ಳೊಂದು ಇನ್ನೂ ಚುಚ್ಚುತ್ತಿತ್ತು. ಆದರೂ ಚೆನ್ನಾಗಿ ಬೆಂದದ್ದನ್ನೆಲ್ಲ ಆರಿಸಿ, ಬಾದಾಮಿ ಕಾಣುವಂತೆ ಮೇಲಿಟ್ಟು, ಪೊಟ್ಟಣ ಕಟ್ಟಿಕೊಟ್ಟಳು. ತಿಂದು ನೋಡಲಿ ಆ ಶೀರಾಜ್!

"ನಂಗೆ?" ಮುಂದಿರ್ ಪಿಸುಗುಟ್ಟಿದ.

ಅವಳು ರೊಟ್ಟಿ ಮುರಿದು, ಆಲಿವ್ ಎಣ್ಣೆಯಲ್ಲಿ ಅದ್ದಿ ಅವನ ಬಾಯಿಗಿಟ್ಟಳು.

"ಉಪ್ಪು ಕಡಿಮೆ," ಎಂದ ಅವನು, ಬಾಯಿ ತುಂಬಿಕೊಂಡೇ.

ನರ್ಜಿಸಳಿಗೆ ಅಂಥ ಮುದ್ದಿನ ಮಾತು ಅದುವರೆಗೆ ಯಾರೂ ಆಡಿರಲಿಲ್ಲ. ಅವನ ಪಕ್ಕೆಗೆ ಮೆಲ್ಲಗೆ ತಿವಿದು ಉಪ್ಪು ತರಲು ಹೋದಳು.