ಕಳ್ಳ ಹಿಡಿಯುವ ಡಬ್ಬಿ

ಬೆಳಗಿನ ತಿಂಡಿಯ ಮಧ್ಯೆ ರೂಮಿನೊಳಗೆ ಡಬ್ಬಿ ಕಿರುಚಿಕೊಂಡಿತು.

"ಸಿಕ್ಕಿಬಿದ್ದ ಕಳ್ಳ," ಎಂದು ತಟ್ಟೆ ಬಿಟ್ಟು ಎದ್ದಳು ಜಡ್ಜಮ್ಮ. ಎದ್ದವಳು ಹಾಗೇ ನಿಂತಳು. ಕಳ್ಳ ಅವಳ ಪಕ್ಕದಲ್ಲೇ ಕೂತು, ಬಾಯಿ ತುಂಬ ತಿಂಡಿ ತುಂಬಿಕೊಂಡು, ಅವಳನ್ನೇ ನೋಡುತ್ತಿದ್ದ.

ಕಳ್ಳನೆಂದರೆ ತಮ್ಮ ಗುಂಡ. ಒಂದನೇ ಕ್ಲಾಸು. ಜಡ್ಜಮ್ಮ ಐದನೇ ಕ್ಲಾಸು. ಆ ಹೆಸರು ಅಪ್ಪ ಇಟ್ಟದ್ದು, ಸುಮ್ಮನೆ ಇಟ್ಟದ್ದಲ್ಲ. ಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುತ್ತದಲ್ಲ, ಹಾಗೆ ಇವಳ ಪ್ರಾಣ ಪೆನ್ಸಿಲ್ ಡಬ್ಬಿಯೊಳಗೆ. ಅದರೊಳಗಿಂದ ನೀಲಿ ಪೆನ್ಸಿಲ್ ಮಾಯವಾದಾಗ ವಿಚಾರಣೆ ಭರ್ಜರಿಯಾಗಿಯೇ ನಡೆಯಿತು. ಸಾಕ್ಷಿ ಏನೆಂದರೆ, ಗುಂಡ ಅವಳ ತಮ್ಮ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಅಮ್ಮನಿಗೆ ಬೇಕಿತ್ತಂತೆ. ಅವನೇ ಎಂದು ತೋರಿಸಿಕೊಟ್ಟರೆ ಅವನ ಹಾಸಿಗೆ ಹಾಲ್‌ಗೆ ಹಾಕೋಣ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು ಎಂದಿದ್ದಳು. ಹಾಲ್‌ನಲ್ಲಿ ಒಬ್ಬನೇ ಮಲಗಲು ಗುಂಡನಿಗೆ ಭಯ. ಇದು ಜಡ್ಜಮ್ಮನಿಗೆ ಚೆನ್ನಾಗಿ ಗೊತ್ತು.

ಅದೇ ವಾರ ಸ್ಕೂಲಿನಲ್ಲಿ ಕಂಪ್ಯೂಟರ್ ಮಿಸ್ಸು ಎಲ್ಲರಿಗೂ ಪ್ರೋಗ್ರಾಮ್ ಬರೆದು ಓಡಿಸುವ ಒಂದು ಪುಟ್ಟ ಬೋರ್ಡು, ಬೆಳಕು ಗುರುತಿಸುವ ಸೆನ್ಸರ್, ಒಂದು ಬಜರ್ ಕೊಟ್ಟು, ಏನಾದರೂ ಕೆಲಸಕ್ಕೆ ಬರುವಂಥದ್ದು ಮಾಡಿ ಎಂದಿದ್ದರು. ಉಳಿದವರು ಬೆಳಗಾದರೆ ಕೂಗುವ ಕೋಳಿಯಂಥ ಪುಟಗೋಸಿ ಕೆಲಸ ಮಾಡಿದರು. ಜಡ್ಜಮ್ಮ ನ್ಯಾಯ ಕಾಪಾಡಲು ಹೊರಟಳು. ಡಬ್ಬಿಯ ಮುಚ್ಚಳ ತೆಗೆದರೆ ಬೆಳಕು ಬೀಳುತ್ತದೆ, ಬಜರ್ ಕೂಗುತ್ತದೆ, ಗುಂಡ ಸಿಗುತ್ತಾನೆ.

ಈಗ ಎಲ್ಲರೂ ರೂಮಿಗೆ ಓಡಿದರು. ಅಲ್ಲಿ ನರಪಿಳ್ಳೆಯೂ ಇಲ್ಲ. ಒಳಗೆ ತುರುಕಿದ ವೈರುಗಳಿಂದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಆ ಸಂದಿಯಲ್ಲಿ ಕಿಟಕಿಯ ಬಿಸಿಲು ಇಣುಕುತ್ತಿತ್ತು.

"ಅಕ್ಕಾ, ಸೂರ್ಯನ್ನೂ ಹಾಲ್‌ನಲ್ಲಿ ಮಲಗಿಸ್ತೀಯಾ?" ಎಂದ ಗುಂಡ.

ಅಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಬೋರ್ಡೇ ಸರಿಯಿಲ್ಲ ಎಂದು ಜಡ್ಜಮ್ಮ ಸ್ಕೂಲಿನಲ್ಲಿ ದೂರು ಕೊಟ್ಟಳು. ಮಿಸ್ಸು ಅವಳ ಪ್ರೋಗ್ರಾಮನ್ನು ಅವಳಿಂದಲೇ ಓದಿಸಿದರು. ಇದ್ದದ್ದು ಒಂದೇ ಸಾಲು: ಬೆಳಕು ಬಿದ್ದರೆ ಕೂಗು.

"ನೀನು ಹೇಳಿದ್ದನ್ನೇ ಅದು ಮಾಡಿದೆಯಲ್ಲ, ಪಾಪ," ಎಂದರು ಮಿಸ್ಸು.

"ಆದ್ರೆ ಕಳ್ಳ ಬಂದೇ ಇರ್ಲಿಲ್ಲ, ಮಿಸ್."

"ಇದ್ರಲ್ಲಿ ಕಳ್ಳ ಎಲ್ಲಿದಾನೆ, ತೋರ್ಸು."

ಜಡ್ಜಮ್ಮ ಆ ಸಾಲನ್ನು ಹಿಂದೆ ಮುಂದೆ ಹುಡುಕಿದಳು. ಕಳ್ಳ ಸಿಗಲಿಲ್ಲ. ಹುಡುಕುವಾಗ, ತಾನು ಎಲ್ಲೂ ಟೈಪ್ ಮಾಡದ ಇನ್ನೊಂದು ಸಾಲು ನೆನಪಾಯಿತು: ಏನಾದರೂ ಕಾಣದಿದ್ದರೆ, ಗುಂಡ. ಅದು ಬ್ಯಾಟರಿಯೇ ಇಲ್ಲದೆ ಎಷ್ಟೋ ದಿನದಿಂದ ಓಡುತ್ತಿತ್ತು. ಅದನ್ನು ಅವಳು ಮಿಸ್ಸಿಗೆ ಓದಿ ಹೇಳಲಿಲ್ಲ.

ಸಂಜೆ ಮನೆಗೆ ಬಂದರೆ, ಗುಂಡ ತನ್ನ ಹಾಸಿಗೆಯನ್ನು ದರದರ ಎಳೆದುಕೊಂಡು ಹಾಲ್‌ಗೆ ಹೊರಟಿದ್ದ. ಯಾರೂ ಹೇಳಿರಲಿಲ್ಲ.

"ಎಲ್ಲಿಗೋ?"

"ನೀನು ಇನ್ನೊಂದ್ಸಲ ಮಷಿನ್ ಮಾಡ್ತೀಯಲ್ಲ," ಎಂದ ಗುಂಡ, ತಲೆಯೆತ್ತದೆ. "ಅದಕ್ಕೇ ಈಗ್ಲಿಂದಾನೇ ಪ್ರಾಕ್ಟೀಸು."

ಜಡ್ಜಮ್ಮ ಹಾಸಿಗೆಯ ಇನ್ನೊಂದು ತುದಿ ಹಿಡಿದಳು. ಅವನು ಹಾಲ್ ಕಡೆ ಎಳೆದ, ಅವಳು ರೂಮಿನ ಕಡೆ. ಅವಳೇ ದೊಡ್ಡವಳು, ಹಾಸಿಗೆ ತನ್ನ ಜಾಗಕ್ಕೆ ಬಂತು.

"ನೀಲಿ ಪೆನ್ಸಿಲ್ ಸಿಕ್ತೇನೇ?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಇಲ್ಲಮ್ಮ," ಎಂದಳು ಜಡ್ಜಮ್ಮ, ಗುಂಡನ ದಿಂಬು ಕೊಡವುತ್ತ.